ಮೂರನೆಯ ಗುಡ್ಡೆ

ಮಾಚೇನಹಳ್ಳಿಯ ಶೆಡ್ಡಿಗೆ ಹದಿನಾರು ಡ್ರಮ್ಮು ಕಲ್ಲು ಬಂದ ದಿನ
ಗಾಡಿಕೊಪ್ಪದಿಂದ ಎರಡು ಬಸ್ಸು ಬದಲಿಸಿ ಬಂದ ಗುತ್ಯಮ್ಮ
ಮೊದಲು ಕೇಳಿದ್ದು ಕೂಲಿಯನ್ನಲ್ಲ:
"ಅಕ್ಕೀಲಿ ಕಲ್ಲು ಆರಿಸೋದು ಗೊತ್ತು.
ಕಲ್ಲಲ್ಲಿ ಕಲ್ಲು ಆರಿಸೋದು ಎಂತಕ್ಕೆ ಸಾರ್?"

ಜೇಬಿನಿಂದ ಫೋನು ತೆಗೆದು ತೋರಿಸಿದೆ.
ಇದರ ಬ್ಯಾಟರಿಯ ಲಿಥಿಯಂ ಇಂಥದೇ ಕಲ್ಲಿನದು,
ಕ್ವಿಂಟಾಲು ಒಡೆದರೂ ಒಂದು ಕಿಲೋ ಹುಟ್ಟುವುದಿಲ್ಲ.
ಅಂಗೈಯಲ್ಲಿ ತೂಗಿ ನೋಡಿ ವಾಪಸು ಕೊಟ್ಟಳು,
"ಹಗುರ ಐತೆ."

ಮೂವತ್ತು ವರ್ಷ ರೈಸ್ ಮಿಲ್ಲಿನಲ್ಲಿ ಮೊರ ಹಿಡಿದ ಕೈ.
ಸಾರ್ಟೆಕ್ಸ್ ಯಂತ್ರ ಬಂದ ವರ್ಷ
ಹನ್ನೊಂದು ಹೆಂಗಸರಲ್ಲಿ ಹತ್ತು ಜನ ಮನೆಗೆ.
ಇವಳು ಉಳಿದಳು
ಯಂತ್ರದ ಕಣ್ಣಿನ ಗಾಜು ಒರೆಸಲಿಕ್ಕೆ.

ನಮ್ಮದೂ ಅದೇ ಕುಲ, ಅದರ ದೊಡ್ಡಣ್ಣ.
ಬೆಲ್ಟಿನ ಓಟ ಸೆಕೆಂಡಿಗೆ ಮೂರು ಮೀಟರು,
ಮೇಲೆ ಕ್ಯಾಮೆರಾ, ಕೆಳಗೆ ಎಕ್ಸ್-ರೇ,
ತುದಿ ಬಿಟ್ಟ ಕಲ್ಲು ನೆಲ ಮುಟ್ಟುವುದರೊಳಗೆ ತೀರ್ಪು.
ಬೇಡದ್ದಕ್ಕೆ ಗಾಳಿಯ ಒಂದೇ ಏಟು, ಫಟ್!
ಬೇಕಾದ್ದು ತನ್ನ ಪಾಡಿಗೆ ತಾನು ಬೀಳುತ್ತದೆ.

ನನ್ನದು ಕಾಗದದ ಕೆಲಸ.
ಎಲ್ಲಿ ಒಡೆಯುವುದು, ಎಲ್ಲಿ ಜರಡಿ, ಎಷ್ಟು ನೀರು.
ಹತ್ತು ಮಿಲಿಮೀಟರಿಗಿಂತ ಸಣ್ಣದಕ್ಕೆ ಈ ಬಾಗಿಲಿಲ್ಲ.
ಮಣ್ಣು ಮೆತ್ತಿದರೆ ಎಲ್ಲ ಕಲ್ಲೂ ಒಂದೇ ಬಣ್ಣ, ಮೀಯಿಸಿಯೇ ಕಳಿಸಬೇಕು.
ಗೆರೆ ಎಳೆದೆ, ಬಾಣ ಹಾಕಿದೆ, ಬಾಣಕ್ಕೆ ನಂಬರು ಕೊಟ್ಟೆ.
ಯಂತ್ರದಿಂದ ಹೊರಟ ಬಾಣ ಎರಡೇ:
ಇಟ್ಟುಕೊಳ್ಳುವುದು.
ಎಸೆಯುವುದು.

ಮೊದಲು ಯಂತ್ರಕ್ಕೆ ಅಕ್ಷರಾಭ್ಯಾಸ.
ಆರುನೂರು ಕಲ್ಲು, ಒಂದೊಂದಕ್ಕೂ ಕೆಂಪು ಪೇಂಟಿನ ಅಂಕಿ,
ಗುತ್ಯಮ್ಮನ ಮುಂದೆ ಎರಡು ಬುಟ್ಟಿ.
ಕರಿಕಲ್ಲು ಸುಲಭ. ಒಡಲಲ್ಲಿ ಕಬ್ಬಿಣ,
ಎಕ್ಸ್-ರೇಯಲ್ಲಿ ಕಾಡಿಗೆ ಕದಡಿದ ಹಾಗೆ.
ತೊಡಕೆಲ್ಲ ಬಿಳಿಯದು.
ಬೆಣಚುಕಲ್ಲೂ ಬಿಳಿ, ಲಿಥಿಯಂ ಹೊತ್ತ ಕಲ್ಲೂ ಬಿಳಿ,
ಕ್ಯಾಮೆರಾ ಇಬ್ಬರಿಗೂ ಒಂದೇ ನಮಸ್ಕಾರ ಹಾಕಿತು.

ಅವಳು ಕಣ್ಣನ್ನು ನೆಚ್ಚಲೇ ಇಲ್ಲ.
ಒಂದೇ ಗಾತ್ರದ ಎರಡು, ಎರಡು ಅಂಗೈಗೆ,
ರೆಪ್ಪೆ ಮುಚ್ಚಿ ಒಮ್ಮೆ ಕುಲುಕಿ,
"ಇದು ಗಟ್ಟಿ. ಇದು ಜೊಳ್ಳು."
ಶುಕ್ರವಾರ ಲ್ಯಾಬಿನ ಉತ್ತರ ಬಂತು:
ಹತ್ತಕ್ಕೆ ಎಂಟು ಅವಳದೇ ಸರಿ.
ಎಲ್ಲಕ್ಕಿಂತ ಹಗುರದ ಲೋಹ
ಭಾರದ ಕಲ್ಲಿನೊಳಗೆ ಕೂತಿದೆಯೆಂದು
ನಾನು ಬೆರಗಿನಿಂದ ಹೇಳಿದರೆ
"ಹಂಗಾರೆ ಭಾರದ ಬುಟ್ಟಿಗೆ
ಎರಡು ರೂಪಾಯಿ ಜಾಸ್ತಿ ಆತಾ?" ಎಂದಳು.

ನಾನೂರ ಹನ್ನೆರಡನೇ ಕಲ್ಲು
ಅರ್ಧ ಕಪ್ಪು, ಅರ್ಧ ಬಿಳಿ,
ನಡುವೆ ಬೈತಲೆಯಷ್ಟು ನೇರ ಗೆರೆ.
ಯಂತ್ರ ಒಮ್ಮೆ ಇಟ್ಟುಕೊಂಡಿತು, ಒಮ್ಮೆ ಎಸೆಯಿತು,
ಮಲಗಿದ ಮಗ್ಗುಲು ನೋಡಿ.
ಅಂಕಿ ಏರಿಸಿದರೆ ಬಿಳಿ ಕೈಬಿಡುತ್ತದೆ,
ಇಳಿಸಿದರೆ ಕಬ್ಬಿಣ ಒಳಗೆ ನುಸುಳುತ್ತದೆ.
ನಲವತ್ತೋ, ಐವತ್ತೋ, ನಲವತ್ತೈದೋ,
ಟೀ ಆರಿ ಕೆನೆ ಕಟ್ಟಿತು.

ಆಗ ಕಂಡದ್ದು, ಅವಳ ಬುಟ್ಟಿಗಳ ಪಕ್ಕ
ನೆಲದ ಮೇಲೊಂದು ಗುಡ್ಡೆ.
ಮೂರು ದಿನ ಅದನ್ನು ಕಸವೆಂದು ದಾಟಿದ್ದೆ.
ಎಲ್ಲವೂ ಅರ್ಧಂಬರ್ಧದವು.
"ಇವು ಭತ್ತ ಸಾರ್, ಸಿಪ್ಪೆ ಬಿಟ್ಟಿಲ್ಲ.
ಮಿಲ್ಲಲ್ಲಿ ಇಂಥವು ಮತ್ತೆ ಹಲ್ಲರಿಗೆ ಹಾಕ್ತಿದ್ವಿ."

ಆ ರಾತ್ರಿ ಒಂದು ಬಾಣ ಹಿಂದಕ್ಕೆ ಎಳೆದೆ,
ಯಂತ್ರದಿಂದ ಕ್ರಷರಿನ ಬಾಯಿಗೆ.
ಹದಿನಾಲ್ಕು ಎ ಎಂದು ನಂಬರು ಕೊಟ್ಟೆ,
ಇನ್ನೊಂದು ಬೆಲ್ಟಿನ ಖರ್ಚು ಸೇರಿಸಿದೆ.
ಪಟ್ಟಿಯಲ್ಲಿ 'ಆಧಾರ' ಎಂಬ ಮನೆ ಇತ್ತು, ಕಿರಿದು.
'ಲ್ಯಾಬ್ ವರದಿ, ಪುಟ ಏಳು' ಎಂದು ತುಂಬಿದೆ.

ಕೊನೆಯ ದಿನ ಬುಟ್ಟಿ ಕವುಚಿಟ್ಟು
ಯಾರೂ ಹೇಳದೆಯೇ ಸೆರಗಿನ ತುದಿಯಿಂದ
ಕ್ಯಾಮೆರಾದ ಗಾಜು ಒರೆಸಿದಳು.
"ದೊಡ್ಡದು ಕಟ್ಟಿದ ಮೇಲೆ
ಇದನ್ನ ಒರೆಸೋರು ಯಾರು ಸಾರ್?"

ಕಾಗದ ಬಿಡಿಸಿ ಹುಡುಕಿದೆ.
ನೀರಿಗೆ ಬಾಣವಿತ್ತು, ಗಾಳಿಗಿತ್ತು, ಧೂಳಿಗೂ ಇತ್ತು.
ಮಿಕ್ಕವೆಲ್ಲ ಕಲ್ಲಿನವು.